ರಟ್ಟು ಹಿಡಿದು ಕೂತವಳು

“ಸಿನಿಮಾದಲ್ಲಿ ಎಲ್ಲೂ ಇಲ್ಲ ಈಯಮ್ಮ. ಆದ್ರೆ ಯಾವ ಡಬ್ಬಿ ಬಿಚ್ಚಿದ್ರೂ ಮೊದಲು ಇವರೇ ಬಂದು ಕೂತಿರ್ತಾರೆ. ಯಾರು ಮಿಸ್ ವರ್ನಿಟಾ, ಇದು?”

ಕೇಳಿದವಳು ಕಿಯಾನಾ. ಮಾಸಿದ ಹಳೆಯ ಸಿನಿಮಾಗಳಿಗೆ ಮತ್ತೆ ಬಣ್ಣ ಬರಿಸುವುದು ಅವಳ ಉದ್ಯೋಗ. ಇನ್ನೂ ಮೂವತ್ತು ತುಂಬದ ಹುಡುಗಿ. ಸಣ್ಣ ಸಣ್ಣ ಜಡೆಗಳನ್ನೆಲ್ಲ ಒಟ್ಟುಮಾಡಿ ನೆತ್ತಿಯ ಮೇಲೆ ಗಂಟು ಹಾಕಿಕೊಂಡು, ಮೇಜಿನ ಮೇಲಿನ ಮೂರು ಗುಂಡುಗಳನ್ನು ಬೆರಳ ತುದಿಯಲ್ಲಿ ಉರುಳಿಸುತ್ತ ಕೂತಿರುತ್ತಾಳೆ. ಒಂದನ್ನು ಉರುಳಿಸಿದರೆ ಪರದೆಯ ಮೇಲಿನ ನೆರಳಿಗೆ ಬಣ್ಣ ಏರುತ್ತದೆ, ಇನ್ನೊಂದನ್ನು ಉರುಳಿಸಿದರೆ ಬೆಳಕು ತಣ್ಣಗಾಗುತ್ತದೆ.

ಅವಳ ಪಕ್ಕದಲ್ಲಿ, ಏಸಿಯ ಚಳಿಗೆ ಸ್ವೆಟರಿನ ಮೇಲೆ ಶಾಲನ್ನೂ ಹೊದ್ದು ಕೂತವಳು ವರ್ನಿಟಾ ಗ್ಯಾಸ್ಕಿನ್ಸ್. ವಯಸ್ಸು ಎಪ್ಪತ್ತೆರಡು. ಜೀವಮಾನದಲ್ಲಿ ಅವಳು ಮಾಡಿದ್ದು ಒಂದೇ ಒಂದು ಸಿನಿಮಾ, ‘ಎರಡನೇ ಪಾಳಿ’. ಆಸ್ಪತ್ರೆಯ ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ ದುಡಿಯುವ, ಕರಿಯರ ವಾಟ್ಸ್ ಕೇರಿಯ ಹೆಂಗಸೊಬ್ಬಳ ಕಥೆ. ಎರಡು ವರ್ಷದ ಶನಿವಾರ ಭಾನುವಾರಗಳನ್ನೆಲ್ಲ ಸುರಿದು, ನೆಂಟರಿಷ್ಟರನ್ನೇ ನಟರನ್ನಾಗಿ ಮಾಡಿಕೊಂಡು ತೆಗೆದದ್ದು. ಅದಕ್ಕೀಗ ನಲವತ್ತೈದು ವರ್ಷ.

ಪರದೆಯ ಮೇಲೆ ಒಬ್ಬ ಹುಡುಗಿ ಎದೆಯ ಮುಂದೆ ಬೂದು ಬಣ್ಣದ ರಟ್ಟೊಂದನ್ನು ಹಿಡಿದುಕೊಂಡು ನೇರವಾಗಿ ನೋಡುತ್ತ ಕೂತಿದ್ದಳು. ಆರು ಸೆಕೆಂಡು. ಆಮೇಲೆ ಕತ್ತಲು, ಆಮೇಲೆ ಸಿನಿಮಾ.

“ಒಲೀಟಾ,” ಎಂದಳು ವರ್ನಿಟಾ. ಆ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟು ಕಾಲವಾಗಿತ್ತೆಂದರೆ, ಹೇಳಿದ ಮೇಲೆ ತುಟಿ ಒರೆಸಿಕೊಂಡಳು. “ಫಿಲ್ಮ್ ತೊಳೆಯೋ ಲ್ಯಾಬಿನವರ ಹತ್ರ ಆಗ ಒಬ್ಬ ಬಿಳಿ ಹುಡುಗಿ ಫೋಟೋ ಇರ್ತಿತ್ತು ಮಗಾ. ಅವಳ ಕೆನ್ನೆ ಸರಿಯಾಗಿ ಬಂತಾ, ಹಾಗಾದ್ರೆ ಇಡೀ ರೀಲು ಸರಿ ಅಂತ ಅವರ ಲೆಕ್ಕ. ಅವಳ ಕೆನ್ನೆ ಸರಿಯಾದ್ರೆ ನಮ್ಮೋರ ಮುಖ ಏನಾಗ್ಬೇಕು? ಕಣ್ಣು, ಹಲ್ಲು, ಅಷ್ಟೇ. ಮಿಕ್ಕಿದ್ದು ಇದ್ದಿಲು. ಅದಕ್ಕೆ ನಾನೂ ಕ್ಯಾಮೆರಾ ಹಿಡೀತಿದ್ದ ವೆಂಡೆಲೂ ಸೇರಿ ನಮ್ಮ ಹುಡುಗೀನೇ ಕೂರಿಸಿದ್ವಿ. ‘ಇವಳನ್ನ ಸರಿ ಮಾಡ್ರಪ್ಪ, ಮಿಕ್ಕೋರೆಲ್ಲ ತಾವಾಗೇ ಸರಿ ಹೋಗ್ತಾರೆ’ ಅಂತ ಡಬ್ಬಿ ಮೇಲೆ ಚೀಟಿ ಅಂಟಿಸಿ ಕಳಿಸ್ತಿದ್ವಿ.”

“ಮಾಡ್ತಿದ್ರಾ?”

“ಮೊದಲನೇ ಸಲ ‘ನಿಮ್ಮ ದೀಪ ಸಾಲದು’ ಅಂತ ಬರೆದು ವಾಪಸ್ ಕಳಿಸಿದ್ರು.”

ಕಿಯಾನಾ ಗೊಳ್ಳೆಂದು ನಕ್ಕಳು. ವರ್ನಿಟಾಳೂ ನಕ್ಕಳು. ಆದರೆ ಅವಳ ಕಣ್ಣು ಪರದೆಯಲ್ಲೇ ಇತ್ತು. ರಟ್ಟು ಹಿಡಿದವಳ ಮುಖ ಈಗ ಗುಲಾಬಿ ಬಣ್ಣಕ್ಕಿತ್ತು. ಮುಖವೊಂದೇ ಏನು, ಇಡೀ ಸಿನಿಮಾವೇ ಗುಲಾಬಿ. ಮೂಲ ಪ್ರತಿ ಇದ್ದ ಲ್ಯಾಬು ಎಂದೋ ಬಾಗಿಲು ಹಾಕಿತ್ತು. ಉಳಿದದ್ದು ವರ್ನಿಟಾ ತನ್ನ ಅಡಿಗೆಮನೆಯ ಮೇಜಿನ ಮೇಲೆ ಕತ್ತರಿಸಿ ಅಂಟಿಸಿದ ಕೆಲಸದ ಪ್ರತಿ ಒಂದೇ. ಅದು ಮಂಚದ ಕೆಳಗೆ ಕೂತು ಕೂತು ಹಸಿರು, ನೀಲಿ ಎಲ್ಲವನ್ನೂ ಕಳೆದುಕೊಂಡು, ಹೂವಿನ ನೀರಿನಲ್ಲಿ ಅದ್ದಿ ತೆಗೆದ ಹಾಗಾಗಿತ್ತು.

ಅದನ್ನು ಮಂಚದ ಕೆಳಗಿನಿಂದ ಎಳೆಸಿದವನು ಮಾರ್ಕ್ವೆಲ್ ಟಾಲಿವರ್. ಈ ಹುಡುಗ ನಿರ್ದೇಶಿಸಿದ ಎರಡನೆಯ ಸಿನಿಮಾ ದೇಶದ ಎಲ್ಲ ಊರಿನ ಎಲ್ಲ ಟಾಕೀಸಿನಲ್ಲೂ ಓಡಿತ್ತು. ಯಾರೋ ಸಂದರ್ಶನದಲ್ಲಿ “ನಮ್ಮೋರ ಮುಖಕ್ಕೆ ಬೆಳಕು ಹಾಕೋದನ್ನ ಎಲ್ಲಿ ಕಲಿತೆ” ಎಂದು ಕೇಳಿದಾಗ, ಕಾಲೇಜಿನಲ್ಲಿ ಒಮ್ಮೆ ಹರಕು ವಿಡಿಯೋದಲ್ಲಿ ನೋಡಿದ ‘ಎರಡನೇ ಪಾಳಿ’ಯ ಹೆಸರು ಹೇಳಿಬಿಟ್ಟ. ಆಮೇಲೆ ಮನೆ ಹುಡುಕಿಕೊಂಡು ಬಂದು, ಟೋಪಿ ತೆಗೆದು, “ಮೇಡಂ, ನಿಮ್ಮಿಂದ ಕದ್ದಿದ್ದೀನಿ, ತಿರುಗಿ ಕೊಡೋಕೆ ಬಂದೆ” ಎಂದ. ಬರ್ಬ್ಯಾಂಕಿನ ಈ ಕೋಣೆಯನ್ನು ಒಂದು ವಾರಕ್ಕೆ ಹಿಡಿದುಕೊಟ್ಟಿದ್ದ. ಶುಕ್ರವಾರ ಸಂಜೆಗೆ ವಾರ ಮುಗಿಯುತ್ತಿತ್ತು. ಅಕ್ಟೋಬರಿನಲ್ಲಿ ದೊಡ್ಡ ಪರದೆಯ ಮೇಲೆ ಪ್ರದರ್ಶನ. ಇವತ್ತು ಬುಧವಾರ.

“ರಟ್ಟು ಬೂದು ಅಂತ ನನಗೆ ಗೊತ್ತು,” ಎಂದಳು ಕಿಯಾನಾ, ಗುಂಡು ಉರುಳಿಸುತ್ತ. ಪರದೆಯ ಮೇಲಿನ ರಟ್ಟು ಗುಲಾಬಿಯಿಂದ ನಿಧಾನವಾಗಿ ಬೂದು ಬಣ್ಣಕ್ಕೆ ತಿರುಗಿತು. “ನೋಡಿ, ಬಂತು. ಆದ್ರೆ ಮುಖ? ಮಷೀನಿಗೆ ಬೂದು ಗೊತ್ತು, ಚರ್ಮ ಗೊತ್ತಿಲ್ಲ. ಈ ಒಬ್ಬರ ನಿಜವಾದ ಬಣ್ಣ ಸಿಕ್ಕಿದ್ರೆ ಸಾಕು ನನಗೆ, ಅದನ್ನ ಹಿಡ್ಕೊಂಡು ಮಿಕ್ಕೋರ ಬಣ್ಣಾನೂ ಹುಡುಕ್ಬಹುದು. ಕೊನೇ ರೀಲೊಂದು ಬಿಟ್ಟು.”

ಕೊನೆಯ ರೀಲಿನ ತಲೆಭಾಗ ಹರಿದುಹೋಗಿತ್ತು. ಅದರಲ್ಲಿ ರಟ್ಟಿಲ್ಲ, ಒಲೀಟಾ ಇಲ್ಲ. ಅದರಲ್ಲಿ ಇದ್ದದ್ದು ವರ್ನಿಟಾಳ ತಾಯಿ.

ಅರ್ಲೀನಮ್ಮ ಸಿನಿಮಾದಲ್ಲಿ ನಾಯಕಿಯ ತಾಯಿಯಾಗಿ ಮೆಟ್ಟಿಲ ಮೇಲೆ ಕೂತು ಅವರೆ ಸುಲಿಯುತ್ತಾಳೆ. ನಾಲ್ಕು ನಿಮಿಷ. ಮಾತಿಲ್ಲ. ಸಂಜೆ ಬೆಳಕು ಮುಖದ ಒಂದು ಬದಿಯಿಂದ ಹತ್ತಿ ಇನ್ನೊಂದು ಬದಿಗೆ ಇಳಿಯುತ್ತದೆ. ಇಡೀ ಸಿನಿಮಾ ಇರುವುದೇ ಆ ನಾಲ್ಕು ನಿಮಿಷಕ್ಕಾಗಿ ಎಂದು ಮಾರ್ಕ್ವೆಲ್ ಹೇಳಿದ್ದ. ಅವಳು ಸತ್ತು ಮೂವತ್ತೊಂಬತ್ತು ವರ್ಷ. ಮನೆಯಲ್ಲಿರುವ ಫೋಟೋಗಳೆಲ್ಲ ಕಪ್ಪು ಬಿಳುಪು. ಬಣ್ಣದವು ಎರಡಿದ್ದವು, ಅವೂ ಹಳದಿಯಾಗಿ ಮುಖ ಯಾವುದು ಗೋಡೆ ಯಾವುದು ತಿಳಿಯುತ್ತಿರಲಿಲ್ಲ.

“ಕೆಂಪು ಸ್ವಲ್ಪ ಜಾಸ್ತಿ ಆಯ್ತಲ್ವಾ?” ಎಂದಳು ವರ್ನಿಟಾ, ಪರದೆಗೆ ಬಂದ ಅಮ್ಮನ ಮುಖ ನೋಡುತ್ತ.

ಕಿಯಾನಾ ಇಳಿಸಿದಳು.

“ಈಗ ಕಳೆ ಹೋಯ್ತು. ಸ್ವಲ್ಪ ಏರಿಸು.”

ಏರಿಸಿದಳು. ಆಮೇಲೆ ಗುಂಡಿನಿಂದ ಕೈ ತೆಗೆದು, ಕುರ್ಚಿಯನ್ನು ಇತ್ತ ತಿರುಗಿಸಿದಳು. “ಮಿಸ್ ವರ್ನಿಟಾ, ಬೇಜಾರು ಮಾಡ್ಕೋಬೇಡಿ. ಸೋಮವಾರ ಕೆಂಪು ಅಂದ್ರಿ, ನಿನ್ನೆ ಹಳದಿ ಅಂದ್ರಿ. ಇವತ್ತು ಎರಡೂ ಅಂತಿದ್ದೀರ.”

ವರ್ನಿಟಾ ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಮೂರು ದಿನದಿಂದ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದ ಮಾತು ಅದು. ಸಂತೆಯಲ್ಲಿ ಕೈಬಿಟ್ಟುಹೋದ ಮಗುವಿನ ಹಾಗೆ ಕೂತು ಹೇಳಿದಳು, “ನನಗೆ ನೆನಪಿಲ್ಲ ಮಗಾ. ನಮ್ಮಮ್ಮ ಯಾವ ಬಣ್ಣ ಇದ್ದಳು ಅಂತ ನನಗೆ ನೆನಪಿಲ್ಲ.”

ಕಿಯಾನಾ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡಳು.

“ವೆಂಡೆಲ್ ಹೋದ. ನಾಯಕಿ ಮಾಡಿದ್ದ ಈವೆಟ್ಟೂ ಹೋದಳು. ಕೇಳೋಣ ಅಂದ್ರೆ ಯಾರೂ ಇಲ್ಲ,” ಎಂದಳು ವರ್ನಿಟಾ.

“ಇವರು?” ಕಿಯಾನಾ ಮತ್ತೆ ಮೊದಲ ಡಬ್ಬಿಗೆ ಹೋಗಿ, ರಟ್ಟು ಹಿಡಿದವಳನ್ನು ಪರದೆಯ ಮೇಲೆ ನಿಲ್ಲಿಸಿದಳು. “ಪೂರ್ತಿ ಹೆಸರು ಒಲೀಟಾ ಏನು?”

“ಮೇಬ್ರಿ. ಎಲ್ಲರ ಮುಖಕ್ಕೂ ಕೋಕೋ ಬೆಣ್ಣೆ ಹಚ್ಚಿ ಬೆಳಕಿಗೆ ಕೂರಿಸ್ತಿದ್ದೋಳು ಅವಳೇ.”

ಕಿಯಾನಾ ಪರದೆಯನ್ನು ನೋಡಿದಳು, ವರ್ನಿಟಾಳನ್ನು ನೋಡಿದಳು, ಎದ್ದೇ ನಿಂತಳು. “ಅಯ್ಯೋ ದೇವರೇ. ಮೇಕಪ್ ಮಿಸ್ ಒಲೀಟಾನಾ? ಅವರು ಮಾರ್ಕ್ವೆಲ್ ಸಿನಿಮಾ ಎರಡೂ ಮಾಡಿದ್ದಾರಲ್ಲ! ಅವರ ನಂಬರ್ ನನ್ನ ಹತ್ರಾನೇ ಇದೆ. ಇಂಗಲ್‌ವುಡ್‌ನಲ್ಲಿ ಇರೋದು.”

“ಗೊತ್ತು,” ಎಂದಳು ವರ್ನಿಟಾ.

ಗೊತ್ತಿತ್ತು. ವರ್ನಿಟಾ ಇರುವ ಲೆಮರ್ಟ್ ಪಾರ್ಕಿನಿಂದ ಇಂಗಲ್‌ವುಡ್‌ಗೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ನಲವತ್ತೈದು ವರ್ಷದಲ್ಲಿ ಆ ಇಪ್ಪತ್ತು ನಿಮಿಷವನ್ನು ಅವಳು ಒಮ್ಮೆಯೂ ದಾಟಿರಲಿಲ್ಲ.

ನಡೆದದ್ದು ಇಷ್ಟು. ‘ಎರಡನೇ ಪಾಳಿ’ಯ ನಾಯಕಿ ಒಲೀಟಾ ಎಂದೇ ಮೊದಲ ದಿನದಿಂದ ಮಾತಾಗಿತ್ತು. ಅವಳು ಪಾತ್ರ ಬಾಯಿಪಾಠ ಮಾಡಿಕೊಂಡಿದ್ದಳು, ಆಸ್ಪತ್ರೆಯ ನೆಲಮಾಳಿಗೆಗೆ ಹೋಗಿ ಹೆಂಗಸರು ಒದ್ದೆ ಬೆಡ್‌ಶೀಟು ಹಿಂಡುವುದನ್ನು ನೋಡಿಕೊಂಡು ಬಂದಿದ್ದಳು. ಪರೀಕ್ಷೆಗೆಂದು ಮೊದಲ ರೀಲುಗಳ ತಲೆಯಲ್ಲಿ ರಟ್ಟು ಹಿಡಿದು ಕೂತವಳೂ ಅವಳೇ. ಆ ತುಣುಕನ್ನು ನೋಡಿದ ಒಬ್ಬ ಹಂಚಿಕೆದಾರ, ಅವನೂ ನಮ್ಮವನೇ, ಸಿಗಾರ್ ಕಚ್ಚಿಕೊಂಡು ಹೇಳಿದ: “ಹುಡುಗಿ ಚೆನ್ನಾಗಿದ್ದಾಳೆ. ಆದ್ರೆ ತುಂಬಾ ಕಪ್ಪಾದಳು ತಂಗಿ. ಸ್ವಲ್ಪ ಬೆಳ್ಳಗಿರೋಳನ್ನ ಹಾಕು, ಹನ್ನೆರಡು ಊರಲ್ಲಿ ನಾನು ಓಡಿಸ್ತೀನಿ.” ನ್ಯೂ ಓರ್ಲಿಯನ್ಸಿನ ಈವೆಟ್ ಬ್ರೂಸಾರ್ಡ್, ಜೇನು ಬಣ್ಣದವಳು, ನಾಯಕಿಯಾದಳು. ನಮ್ಮವರ ಮುಖ ಪರದೆಯ ಮೇಲೆ ಕಾಣಲೇಬೇಕೆಂದು ಲ್ಯಾಬಿನವರ ಜೊತೆ ಜಗಳ ಕಾದ ವರ್ನಿಟಾ, ಆ ಮಾತಿಗೆ ಹೂಂ ಅಂದಳು. ಅಂದದ್ದನ್ನು ಒಲೀಟಾಗೆ ಹೇಳುವ ಧೈರ್ಯ ಬರದೆ, ಬೇರೆ ಒಂದು ಹೇಳಿದಳು. “ಏನು ಮಾಡೋದು ಒಲೀಟಾ, ನೀನು ಫಿಲ್ಮಿಗೆ ಸಿಗ್ತಿಲ್ಲ. ಫಿಲ್ಮಿನ ತಪ್ಪು ಅದು.”

ಫಿಲ್ಮಿಗೆ ನೂರು ತಪ್ಪುಗಳಿದ್ದವು. ಆದರೆ ಆ ದಿನದ ತಪ್ಪು ಅದರದಾಗಿರಲಿಲ್ಲ. ಲ್ಯಾಬಿನವರು ಎರಡನೇ ಸಲ ಸರಿಯಾಗಿ ತೊಳೆದುಕೊಟ್ಟ ಆ ಆರು ಸೆಕೆಂಡಿನಲ್ಲಿ ಒಲೀಟಾ ಸಿಕ್ಕಿದ್ದಳು. ಸಿಕ್ಕಿದ್ದು ಎಂದರೆ, ವೆಂಡೆಲ್ ಅದನ್ನೇ ನಾಲ್ಕು ಸಲ ಹಾಕಿ ನೋಡಿದ್ದ, ಹಾಗೆ.

ಒಲೀಟಾ ಸಿಡಿಯಲಿಲ್ಲ. ಎರಡು ವರ್ಷ ಪೂರ್ತಿ ಬಂದಳು, ಪ್ರತಿ ರೀಲಿಗೂ ರಟ್ಟು ಹಿಡಿದಳು, ಈವೆಟ್ಟಳ ಕೆನ್ನೆಗೂ ಪೌಡರ್ ಹಚ್ಚಿದಳು. ಚಿತ್ರೀಕರಣ ಮುಗಿದ ದಿನ ಸಾಮಾನು ತುಂಬಿಕೊಂಡು ಹೋದವಳು ಮತ್ತೆ ಬರಲಿಲ್ಲ. ಹಂಚಿಕೆದಾರನೂ ಬರಲಿಲ್ಲ. ಸಿನಿಮಾ ಎರಡು ಚರ್ಚಿನಲ್ಲಿ, ಒಂದು ಕಾಲೇಜಿನಲ್ಲಿ ಓಡಿ ಮಂಚದ ಕೆಳಗೆ ಸೇರಿತು. ಮುಂದೆ ದೊಡ್ಡ ಸ್ಟುಡಿಯೋಗಳು ನಮ್ಮ ಹುಡುಗರನ್ನು ಕರೆದು ಸಿನಿಮಾ ಕೊಡುವ ಕಾಲ ಬಂದಾಗ ವರ್ನಿಟಾಳನ್ನೂ ಒಬ್ಬಿಬ್ಬರು ಕರೆದರು. ಅವಳ ಕಥೆಗಳಲ್ಲಿ ಬಂದೂಕು ಇರಲಿಲ್ಲ. “ಒಂದೇ ಒಂದು ಇಡಿ,” ಎಂದರು. ಇಡಲಿಲ್ಲ. ಲೈಬ್ರರಿಯಲ್ಲಿ ಪುಸ್ತಕ ಜೋಡಿಸುತ್ತ ನಿವೃತ್ತಿಯಾದಳು.

ಒಲೀಟಾ ಪೌಡರ್ ಕಲೆಸಿದಳು. ಅಂಗಡಿಯಲ್ಲಿ ಸಿಗದ ಕಪ್ಪುಗಳನ್ನೆಲ್ಲ ತಾನೇ ಕಲೆಸಿ, ಟಿನ್ನಿನ ಪೆಟ್ಟಿಗೆಯಲ್ಲಿ ಹೊತ್ತು, ಮೊದಲು ಚಿಕ್ಕ ಸಿನಿಮಾ, ಆಮೇಲೆ ದೊಡ್ಡದು, ಆಮೇಲೆ ಇನ್ನೂ ದೊಡ್ಡದು. ವರ್ನಿಟಾಗೆ ಇದೆಲ್ಲ ಗೊತ್ತಾಗಿದ್ದು ಟಾಕೀಸಿನಲ್ಲಿ. ಒಂದು ಮಧ್ಯಾಹ್ನ ಸಿನಿಮಾ ಮುಗಿದು ಜನರೆಲ್ಲ ಏಳುವಾಗ, ಪರದೆಯ ಮೇಲೆ ಏರುತ್ತಿದ್ದ ಹೆಸರುಗಳ ನಡುವೆ ‘ಒಲೀಟಾ ಮೇಬ್ರಿ’ ಕಂಡಿತು. ಅಂದಿನಿಂದ ನಮ್ಮವರ ಸಿನಿಮಾ ಯಾವುದು ಬಂದರೂ ಅವಳು ಕೊನೆಯವರೆಗೂ ಕೂರುತ್ತಿದ್ದಳು. ಬಡಗಿಗಳ ಹೆಸರು, ಡ್ರೈವರುಗಳ ಹೆಸರು, ಅಡಿಗೆಯವರ ಹೆಸರು. ಒಲೀಟಾಳ ಹೆಸರು ಬಂದರೆ ಒಂದು ಸಲ ಉಸಿರೆಳೆದುಕೊಂಡು ಎದ್ದು ಬಸ್ಸು ಹಿಡಿಯುತ್ತಿದ್ದಳು. ಬರದಿದ್ದರೂ ಎದ್ದು ಬಸ್ಸು ಹಿಡಿಯುತ್ತಿದ್ದಳು. ಅವಳ ಬದುಕಿನಲ್ಲಿ ಸ್ನೇಹ ಅಂತ ಉಳಿದದ್ದು ಇಷ್ಟು.

ಕಿಯಾನಾ ಕೊಟ್ಟ ನಂಬರು ಹಿಡಿದು ವರ್ನಿಟಾ ಫೋನು ಮಾಡಲು ಕಾಫಿ ಕೋಣೆಗೆ ಹೋದಳು. ಆ ಕೋಣೆಯ ದೀಪ ಒಂದು ವಿಚಿತ್ರ. ಒಳಗೆ ಯಾರಾದರೂ ಅಲುಗಾಡುತ್ತಿದ್ದರೆ ಉರಿಯುತ್ತದೆ, ಅಲುಗಾಡದಿದ್ದರೆ ‘ಯಾರೂ ಇಲ್ಲ’ ಎಂದು ತಿಳಿದು ತಾನೇ ಆರಿಹೋಗುತ್ತದೆ. ಕಿಟಕಿಯಿಲ್ಲದ ಕೋಣೆ, ಆರಿತೆಂದರೆ ಮಧ್ಯಾಹ್ನವೂ ಕಗ್ಗತ್ತಲು. ಮೊದಲ ದಿನವೇ ಕಿಯಾನಾ ನಗುತ್ತ, “ಆಗಾಗ ಕೈ ಬೀಸ್ತಾ ಇರಿ ಮಿಸ್ ವರ್ನಿಟಾ, ಇಲ್ದಿದ್ರೆ ನೀವಿಲ್ಲ ಅಂದ್ಕೊಳ್ಳುತ್ತೆ” ಎಂದಿದ್ದಳು.

“ಹಲೋ? ಯಾರು?” ದನಿ ದಪ್ಪಗಾಗಿತ್ತು, ಆದರೆ ಅದೇ ದನಿ.

“ಒಲೀಟಾ, ನಾನು... ನೀಟಾ. ವರ್ನಿಟಾ.”

ಆ ಕಡೆ ಎಲ್ಲೋ ಟಿವಿ ಮಾತಾಡುತ್ತಿತ್ತು, ಅದನ್ನು ಯಾರೋ ಆರಿಸಿದರು. ಈ ಕಡೆ ವರ್ನಿಟಾ ಕಂಬದ ಹಾಗೆ ನಿಂತಿದ್ದಳು. ದೀಪ ಆರಿತು.

“ಯಾರು ಸತ್ತರು?” ಎಂದಳು ಒಲೀಟಾ.

“ಯಾರೂ ಇಲ್ಲ.”

“ನಮ್ಮ ವಯಸ್ಸಲ್ಲಿ ಯಾರೂ ಸಾಯದೆ ಫೋನು ಬಂದ್ರೆ ಭಯ ಆಗುತ್ತೆ ಕಣೇ.”

ಕತ್ತಲಲ್ಲೇ ನಿಂತು ವರ್ನಿಟಾ ಎಲ್ಲವನ್ನೂ ಹೇಳಿದಳು. ಗುಲಾಬಿಯಾದ ಸಿನಿಮಾ, ಹರಿದ ರೀಲು, ಅಮ್ಮನ ಮುಖ, ಶುಕ್ರವಾರ.

“ಅಂದ್ರೆ,” ಎಂದಳು ಒಲೀಟಾ, ನಿಧಾನಕ್ಕೆ, “ನಲವತ್ತೈದು ವರ್ಷ ಆದ್ಮೇಲೆ ಮತ್ತೆ ಬಂದು ರಟ್ಟು ಹಿಡ್ಕೊಂಡು ಕೂರ್ಬೇಕು ನಾನು. ಬೇರೆಯವರ ಮುಖ ಕಾಣೋಕೆ.”

“ಹಾಗಲ್ಲ ಒಲೀಟಾ—”

“ಹಾಗೇ. ಫಿಲ್ಮಿಗೆ ಸಿಗದೋಳು ಅಂತ ನೀನೇ ಅಂದಿದ್ದೆ. ಈಗ ಹೇಗೆ ಸಿಕ್ಕಿದೆ?”

ಹೇಳಬೇಕಾದ್ದನ್ನು ಹೇಳಲು ಇದೇ ಸಮಯ. ವರ್ನಿಟಾ ಬಾಯಿ ತೆರೆದಳು. ತೆರೆದ ಬಾಯಿಂದ ಬಂದದ್ದು, “ಅಮ್ಮ ನಿನ್ನನ್ನ ಕಂಡ್ರೆ ಆಸೆ ಮಾಡ್ತಿದ್ದಳು.”

“ಅಮ್ಮನ ಹೆಸರು ಎಳೀಬೇಡ,” ಎಂದು ಒಲೀಟಾ ಫೋನಿಟ್ಟಳು.

ಗುರುವಾರ ಇಡೀ ದಿನ ಕಿಯಾನಾ ಬೇರೆ ರೀಲುಗಳ ಕೆಲಸ ಮಾಡಿದಳು. ಬಸ್ಸು ನೀಲಿಯಾಯಿತು, ಮರ ಹಸಿರಾಯಿತು. ಮುಖಗಳು ಮಾತ್ರ ಅಂಗಡಿಯ ಗೊಂಬೆಯ ಮುಖಗಳ ಹಾಗೆ, ಯಾರದೂ ಅಲ್ಲದ ಕಂದು. “ಕೊನೆಗೆ ನಾನೇ ಒಂದು ಅಂದಾಜು ಹಾಕ್ತೀನಿ ಬಿಡಿ,” ಎಂದಳು ಕಿಯಾನಾ. “ನೋಡೋರಿಗೆ ಗೊತ್ತಾಗಲ್ಲ.” ಅದೇ ಮಾತು ವರ್ನಿಟಾಳ ಎದೆಗೆ ಹೋಗಿ ಕೂತಿತು. ಗೊತ್ತಾಗುವವರು ಯಾರೂ ಉಳಿದಿಲ್ಲ, ತಾನೂ ಸೇರಿದ ಹಾಗೆ.

ಆದರೂ ಅವಳು ಗುರುವಾರ ಸಂಜೆ ಸಿಹಿಗೆಣಸು ಬೇಯಿಸಿ, ಜಾಯಿಕಾಯಿ ತುರಿದು, ಹಿಟ್ಟಿನ ತಟ್ಟೆಗೆ ತುಂಬಿ ಸುಟ್ಟು, ಅಮ್ಮ ಮಾಡುತ್ತಿದ್ದ ಹಾಗೆ ಒಂದು ಸಿಹಿ ಪೈ ಮಾಡಿದಳು. ಒಬ್ಬಳಿಗೆ ಇಡೀ ಪೈ ಯಾತಕ್ಕೆ ಎಂದು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಕೋಣೆಯ ಬಾಗಿಲು ತೆರೆದು, ಕೋಲೂರಿಕೊಂಡು, ಇನ್ನೊಂದು ಕೈಯಲ್ಲಿ ಟಿನ್ನಿನ ಪೆಟ್ಟಿಗೆ ಹಿಡಿದು ಒಲೀಟಾ ಮೇಬ್ರಿ ಬಂದಳು. ಬೆಳ್ಳಿ ಕೂದಲನ್ನು ತಲೆಬುರುಡೆಗೆ ಒತ್ತಿ ಕತ್ತರಿಸಿದ್ದಳು. ಮುಖ ಮಾತ್ರ ಅದೇ: ಒಲೆಯ ಮೇಲೆ ವರ್ಷಾನುಗಟ್ಟಲೆ ಪಳಗಿದ ಕಬ್ಬಿಣದ ಬಾಣಲೆಯ ಹಾಗೆ, ಆಳದಿಂದ ಮಿರುಗುವ ಕಪ್ಪು.

“ಅರ್ಲೀನಮ್ಮನಿಗೋಸ್ಕರ ಬಂದೆ,” ಎಂದಳು ಬಾಗಿಲಲ್ಲೇ. “ನಿನಗೋಸ್ಕರ ಅಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ. ಎಲ್ಲಿ ಕೂರ್ಬೇಕು?”

ಕಿಯಾನಾ ತನ್ನ ಕುರ್ಚಿಯನ್ನೇ ಬಿಟ್ಟುಕೊಡಲು ಹೋದಳು. “ನಿನ್ನ ಕುರ್ಚಿ ಯಾತಕ್ಕೆ ಕೂಸೇ, ನೀನು ಕೆಲಸ ಮಾಡೋಳು,” ಎಂದು ಗದರಿ ಒಲೀಟಾ ಪಕ್ಕದ ಸ್ಟೂಲಿನ ಮೇಲೆ ಕೂತಳು. ಕಿಯಾನಾ ಬಿಳಿ ದೀಪವೊಂದನ್ನು ಅವಳ ಮುಖದ ಮೇಲೆ ಹಾಕಿದಳು. ಒಂದು ಬೂದು ರಟ್ಟನ್ನೂ ತಂದಳು. ಕೊಡಲೋ ಬೇಡವೋ ಎಂದು ಹಿಂದೆಮುಂದೆ ನೋಡಿದಳು.

ಒಲೀಟಾ ಕೈ ಚಾಚಿ ತೆಗೆದುಕೊಂಡಳು. ಎದೆಯ ಮುಂದೆ ಹಿಡಿದಳು. ಪರದೆಯ ಮೇಲೆ ಇಪ್ಪತ್ತೆಂಟು ವರ್ಷದ ಒಲೀಟಾ, ಪರದೆಯ ಕೆಳಗೆ ಎಪ್ಪತ್ತಮೂರರ ಒಲೀಟಾ, ಇಬ್ಬರ ಕೈಯಲ್ಲೂ ರಟ್ಟು. ಕಿಯಾನಾಳ ಬೆರಳಡಿಯಲ್ಲಿ ಗುಂಡುಗಳು ಉರುಳಿದವು. ಗುಲಾಬಿ ಇಳಿಯಿತು, ಕೆನ್ನೆಯ ಅಂಚಿಗೆ ನೀಲಿ ಹೊಳಪು ಹತ್ತಿತು, ನೆರಳಿನಲ್ಲಿ ಹೂತುಹೋಗಿದ್ದ ದವಡೆ ಮೇಲೆದ್ದು ಬಂತು. ಹಠಾತ್ತನೆ, ಯಾರೋ ಬಾಗಿಲು ತೆಗೆದ ಹಾಗೆ, ಆ ಹುಡುಗಿ ಅಲ್ಲಿದ್ದಳು.

ಒಲೀಟಾ ತನ್ನನ್ನೇ ನೋಡುತ್ತಿದ್ದಳು. ಆ ತುಣುಕನ್ನು ಅವಳು ಆವರೆಗೆ ನೋಡಿರಲೇ ಇಲ್ಲ. ತೋರಿಸಲು ವರ್ನಿಟಾ ಆಗ ಬಿಟ್ಟಿರಲಿಲ್ಲ.

“ಮುಂದಿಂದು ಹಾಕು,” ಎಂದಳು ಕೊನೆಗೆ.

ಆಮೇಲೆ ಕೆಲಸ ನದಿಯ ಹಾಗೆ ಹರಿಯಿತು. ಒಲೀಟಾ ಹೇಳುವುದು, ಕಿಯಾನಾ ಉರುಳಿಸುವುದು. “ಈವೆಟ್ಟಿಗೆ ಇಷ್ಟು ಹಳದಿ ಬೇಡ, ಅವಳ ಕಿವಿ ಹತ್ರ ಕೆಂಪಿತ್ತು. ಪಾಪದ ಹುಡುಗಿ, ದಿನಾ ತನ್ನ ಸ್ಯಾಂಡ್‌ವಿಚ್ ಅರ್ಧ ಮುರಿದು ನನಗೆ ಕೊಡ್ತಿದ್ದಳು. ಆ ಪಾದ್ರಿಗೆ ಬೂದು ಹಾಕು, ಕುಡೀತಿದ್ದ. ಅಷ್ಟು ಸಾಲದು, ಜಾಸ್ತಿ ಕುಡೀತಿದ್ದ, ಇನ್ನೂ ಹಾಕು.” ಕಿಯಾನಾ ನಗುವುದು ಕೇಳಿ ವರ್ನಿಟಾಗೂ ನಗು ಬಂತು, ಆದರೆ ಆ ನಗು ತನ್ನ ಕಡೆಗೆ ಬಂದದ್ದಲ್ಲ ಎಂದು ಗೊತ್ತಿತ್ತು. ಹಿಂದಿನ ಸೋಫಾದಲ್ಲಿ ಕೂತು, ತನ್ನದೇ ಸಿನಿಮಾಕ್ಕೆ ಟಿಕೆಟ್ ಕೊಂಡು ಬಂದವಳ ಹಾಗೆ ನೋಡುತ್ತಿದ್ದಳು.

ಕೊನೆಯ ರೀಲು. ಮೆಟ್ಟಿಲ ಮೇಲೆ ಅರ್ಲೀನಮ್ಮ, ಗುಲಾಬಿ ಬಣ್ಣದ ಅವರೆ, ಗುಲಾಬಿ ಬಣ್ಣದ ಬೆರಳು.

ಒಲೀಟಾ ಬಾಯಲ್ಲಿ ಹೇಳಲು ಹೋಗಿ ನಿಲ್ಲಿಸಿದಳು. “ಇದು ಹೇಳಿದ್ರೆ ಆಗಲ್ಲ,” ಎನ್ನುತ್ತ ಟಿನ್ನಿನ ಪೆಟ್ಟಿಗೆ ತೆಗೆದಳು. ಒಳಗೆ ಸಾಲಾಗಿ ಚಿಕ್ಕ ಚಿಕ್ಕ ಕರಡಿಗೆಗಳು. ಮೂರನ್ನು ಆರಿಸಿಕೊಂಡಳು. ಹಿಂದೆ ತಿರುಗದೆಯೇ ಹೇಳಿದಳು, “ಕೈ ಕೊಡು.”

ವರ್ನಿಟಾ ಎದ್ದು ಬಂದು ಬಲಗೈ ಚಾಚಿದಳು. ಒಲೀಟಾ ಅದನ್ನು ಹಿಡಿದು, ಬೋರಲು ಹಾಕಿ, ಹಿಂಗೈಯ ಮೇಲೆ ಚಪ್ಪಟೆ ಕಡ್ಡಿಯಿಂದ ಮೂರು ಬಣ್ಣವನ್ನು ಕಲೆಸತೊಡಗಿದಳು. ಅವಳ ಬೆರಳು ಬೆಚ್ಚಗಿತ್ತು, ಒರಟಾಗಿತ್ತು. “ನೀನು ನಿಮ್ಮಮ್ಮನಿಗಿಂತ ಒಂದು ಪಟ್ಟು ಕಪ್ಪು. ಅದಕ್ಕೇ ನಿನ್ನ ಕೈ ಮೇಲೆ ಹಾಕಿದ್ರೆ ಗೊತ್ತಾಗುತ್ತೆ. ಒಳಗೆ ಹಳದಿ, ಮೇಲೆ ಕಂದು. ಹುರಿದ ಕಡಲೇಕಾಯಿ ಸಿಪ್ಪೆ ಇರುತ್ತಲ್ಲ, ಹಾಗೆ. ಹಣೆ ಮಾತ್ರ ಬೇರೆ. ಚಿಕ್ಕವಳಿದ್ದಾಗ ಲೂಸಿಯಾನಾ ಹೊಲದಲ್ಲಿ ಹತ್ತಿ ಬಿಡಿಸಿದ ಬಿಸಿಲು, ವಯಸ್ಸಾದ್ರೂ ಹಣೆ ಬಿಟ್ಟು ಹೋಗಲಿಲ್ಲ ಅವಳಿಗೆ. ನಾನು ಪೌಡರ್ ಹಚ್ಚೋಕೆ ಹೋದ್ರೆ ‘ಅದನ್ನ ಮುಚ್ಚಬೇಡ ಮಗಳೇ, ಅದು ನನ್ನ ಸಂಪಾದನೆ’ ಅಂತಿದ್ದಳು.”

ಕಿಯಾನಾ ವರ್ನಿಟಾಳ ಕೈಯನ್ನು ದೀಪದ ಕೆಳಗೆ ಇಡಿಸಿಕೊಂಡು, ಅದನ್ನೊಮ್ಮೆ ಪರದೆಯನ್ನೊಮ್ಮೆ ನೋಡುತ್ತ, ಗುಂಡು ಉರುಳಿಸಿದಳು. ಅಮ್ಮ ಬಂದಳು. ಹಣೆಯಲ್ಲಿ ಬಿಸಿಲು, ಕೆನ್ನೆಯಲ್ಲಿ ಸಂಜೆ. ಅವರೆಯೂ ಹಸಿರಾಯಿತು.

ವರ್ನಿಟಾ ಅತ್ತಳು ಎಂದು ಬರೆದರೆ ಸುಳ್ಳಾಗುತ್ತದೆ. ಅವಳು ಕೈಯನ್ನು ಅಲುಗಾಡಿಸದೆ ಹಿಡಿದುಕೊಂಡಿದ್ದಳು, ಅಷ್ಟೇ.

ಕಾರು ಬರುವವರೆಗೆ ಒಲೀಟಾ ಕಾಫಿ ಕೋಣೆಯಲ್ಲಿ ಕೂತಳು. ವರ್ನಿಟಾ ಎಡಗೈಯಲ್ಲೇ ಪೈ ಕತ್ತರಿಸಿ ತಟ್ಟೆ ಮುಂದಿಟ್ಟಳು.

“ನನಗೆ ಸಕ್ಕರೆ ಕಾಯಿಲೆ ಇದೆ,” ಎಂದಳು ಒಲೀಟಾ. “ಹತ್ತೊಂಬತ್ತು ವರ್ಷ ಆಯ್ತು.”

“ಗೊತ್ತಿರಲಿಲ್ಲ.”

“ಹೇಗೆ ಗೊತ್ತಿರುತ್ತೆ?”

ಈ ಸಲ ಬಾಯಿ ಬೇರೆ ಕಡೆ ಓಡುವ ಮೊದಲೇ ವರ್ನಿಟಾ ಹೇಳಿದಳು. “ಫಿಲ್ಮಿನ ತಪ್ಪಲ್ಲ ಅದು. ಫಿಲ್ಮಿಗೆ ನೀನು ಸಿಕ್ಕಿದ್ದೆ. ಆ ಸಿಗಾರ್ ಮನುಷ್ಯ ಬೆಳ್ಳಗಿರೋಳು ಬೇಕು ಅಂದ. ನಾನು ಹೂಂ ಅಂದೆ.”

ಒಲೀಟಾ ಕೋಲಿನ ಹಿಡಿಯನ್ನು ಸವರಿದಳು. “ಇವತ್ತು ಬೆಳಿಗ್ಗೆ ಪರದೆ ನೋಡಿದಾಗ್ಲೇ ಗೊತ್ತಾಯ್ತು. ನಿನ್ನ ಆ ಮಾತು ನಂಬ್ಕೊಂಡೇ ಕಣೇ ನಾನು ಪೌಡರ್ ಕಲೆಸೋಕೆ ಹೊರಟಿದ್ದು. ನಮ್ಮ ಹುಡುಗೀರು ಫಿಲ್ಮಿಗೆ ಸಿಗೋ ಹಾಗೆ ಮಾಡ್ತೀನಿ ಅಂತ. ಎಲ್ಲರೂ ಸಿಕ್ಕಿದ್ರು. ನಾನೊಬ್ಬಳು ರಟ್ಟು ಹಿಡ್ಕೊಂಡು ಕೂತಿದ್ದೆ.”

“ನಿನ್ನ ಹೆಸರು ಬರೋ ಸಿನಿಮಾ ಎಲ್ಲ ನೋಡಿದ್ದೀನಿ. ಕೊನೇವರೆಗೂ ಕೂತಿರ್ತಿದ್ದೆ. ಕಸ ಗುಡಿಸೋರು ಬಂದು ಕಾಲೆತ್ತಿ ಅಂತಿದ್ರು.”

“ಅಷ್ಟು ಹೊತ್ತು ಕೂರೋಳಿಗೆ, ಒಂದು ಫೋನು ಮಾಡೋಕೆ ಏನಾಗಿತ್ತು?”

ವರ್ನಿಟಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಆ ಆರು ಸೆಕೆಂಡು,” ಎಂದಳು, “ಸಿನಿಮಾದ ಮುಂದೆ ಹಾಕೋಣ ಅಂತ ಆಸೆ. ಎಲ್ಲರಿಗೂ ಮೊದಲು ನೀನು. ಅಕ್ಟೋಬರಲ್ಲಿ, ಅಷ್ಟು ದೊಡ್ಡ ಪರದೆ ಮೇಲೆ.”

“ಬೇಡ.”

“ಒಲೀಟಾ—”

“ನಾನು ಅಲ್ಲಿ ಏನೂ ಮಾಡ್ತಿಲ್ಲ ಕಣೇ, ಸುಮ್ನೆ ಕೂತಿದ್ದೀನಿ. ನನ್ನನ್ನ ಯಾರಾದ್ರೂ ನೋಡೋದಿದ್ರೆ ಏನಾದ್ರೂ ಮಾಡ್ತಿರೋವಾಗ ನೋಡ್ಬೇಕಿತ್ತು. ಪಾತ್ರ ಪೂರ್ತಿ ಬಾಯಿಪಾಠ ಇತ್ತು ನನಗೆ. ಈಗಲೂ ಇದೆ.” ಕಾರು ಬಂತೆಂದು ಫೋನು ಮಿನುಗಿತು. ಒಲೀಟಾ ಕೋಲೂರಿ ಎದ್ದಳು. “ಕತ್ತರಿಸಿ ಹಾಕು. ಮಾತು ಕೊಡು.”

“ಕೊಟ್ಟೆ.”

“ಅಕ್ಟೋಬರಿಗೆ ಬರ್ತೀಯಾ ಅಂತ ಕೇಳ್ಬೇಡ.”

“ಕೇಳಲ್ಲ.”

ಬಾಗಿಲವರೆಗೆ ಹೋದವಳು ತಿರುಗಿ ನೋಡಿದಳು. ವರ್ನಿಟಾಳ ಮುಖವನ್ನಲ್ಲ, ಕೈಯನ್ನು. “ಅದನ್ನ ಸೋಪಲ್ಲಿ ಉಜ್ಜಬೇಡ, ಚರ್ಮ ಕಿತ್ತು ಹೋಗುತ್ತೆ. ಎಣ್ಣೆ ಹಚ್ಚಿ ಒರೆಸು.”

ಕೋಲಿನ ಸದ್ದು ಕಾರಿಡಾರಿನುದ್ದಕ್ಕೂ ಹೋಗಿ, ಲಿಫ್ಟಿನೊಳಗೆ ಸೇರಿ, ನಿಂತಿತು.

ಕಿಯಾನಾ ತಲೆ ಹಾಕಿದಳು. “ರೀಲುಗಳ ತಲೆ ಏನು ಮಾಡ್ಲಿ ಮಿಸ್ ವರ್ನಿಟಾ? ಮುಂದೆ ಹಾಕೋಣ ಅಂತಿದ್ರಲ್ಲ.”

“ಬೇಡ. ತೆಗೆದುಬಿಡು.”

“ಅಷ್ಟು ಚೆನ್ನಾಗಿ ಬಂದಿದೆ. ನಿಜವಾಗ್ಲೂ?”

“ಅವಳು ಬೇಡ ಅಂದಳು ಮಗಾ.”

ಕಿಯಾನಾ ಸರಿ ಎಂದು ತಲೆಯಾಡಿಸಿ ಹೋದಳು. ವರ್ನಿಟಾ ಮುಟ್ಟದ ಪೈಯ ಎದುರು, ಬಣ್ಣ ಹತ್ತಿದ ಕೈಯನ್ನು ಮೊಣಕಾಲ ಮೇಲೆ ಬೋರಲಿಟ್ಟುಕೊಂಡು ಕೂತಳು. ಎಷ್ಟು ಹೊತ್ತು ಕೂತಳೋ, ದೀಪ ಆರಿತು. ಅವಳು ಬಲಗೈ ಎತ್ತಿ ಬೀಸಿದಳು. ದೀಪ ಹತ್ತಲಿಲ್ಲ. ಸ್ವಲ್ಪ ಮೇಲಕ್ಕೆ ಎತ್ತಿ, ದೂರದವರನ್ನು ಕರೆಯುವ ಹಾಗೆ, ಇನ್ನೊಮ್ಮೆ ಬೀಸಿದಳು. ಹತ್ತಿತು.